ಬೇಸಿಗೆಗೆ ಹಣ್ಣು ಮತ್ತು ಚಹಾದ ಜೆಲ್ಲಿ: ಚೈನಾ ಗ್ರಾಸ್ ಬಳಸುವವರು ಹೇಗೆ ಮಾಡುತ್ತೀರಿ?

ಬಿಸಿಲೂರು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯಲ್ಲಿ ಅಕ್ಕನ ಮಕ್ಕಳು, ಮೈದುನನ ಮನೆಯವರು ಎಲ್ಲರೂ ರಜೆಗೆ ನಮ್ಮಲ್ಲಿಗೆ ಬರುತ್ತಾರೆ. ಆ ಹೊತ್ತಿಗೆ ಇಲ್ಲಿ ಬಿಸಿಲು 42 ಡಿಗ್ರಿ ದಾಟಿರುತ್ತದೆ. ಹೋಳಿಗೆ, ಪಾಯಸ ಬಡಿಸಲು ಹೋದರೆ ಎಲ್ಲರೂ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಅದಕ್ಕೇ ಹಾಲಿಲ್ಲದ ಚಹಾ, ನಿಂಬೆ, ಒಳಗೆ ಮಾವು ಮತ್ತು ದ್ರಾಕ್ಷಿ ಹಾಕಿ, ಗಾಜಿನ ಬಟ್ಟಲಲ್ಲಿ ತಿಳಿಯಾಗಿ ಕಾಣುವ ತಣ್ಣನೆಯ ಜೆಲ್ಲಿ ಮಾಡಬೇಕೆಂದಿದ್ದೇನೆ.

ಅತ್ತೆಯವರು ಜೆಲಾಟಿನ್ ಮುಟ್ಟುವುದಿಲ್ಲ, ಹಾಗಾಗಿ ಚೈನಾ ಗ್ರಾಸ್ ತರುತ್ತೇನೆ. ಒಂದು ಲೀಟರಿಗೆ ಎಷ್ಟು ಬೇಕು? ಮಧ್ಯಾಹ್ನ ಕರೆಂಟ್ ಹೋಗಿ ಫ್ರಿಜ್ ನಿಂತರೆ ಕರಗಿಬಿಡುತ್ತದೆಯೇ? ಚಹಾ ಸೇರಿಸಿದರೆ ಜೆಲ್ಲಿ ಕದಡಿದ ನೀರಿನ ಬಣ್ಣಕ್ಕೆ ಬರುತ್ತದೆ ಎಂದು ಪಕ್ಕದ ಮನೆಯ ವೈನಿ ಹೇಳುತ್ತಾರೆ. ಬಲ್ಲವರು ತಿಳಿಸಿ.

ಹಣ್ಣಿನ ಬುಟ್ಟಿ (ಮೈಸೂರು)

ಕರಗುವುದಿಲ್ಲ, ನಿಶ್ಚಿಂತೆಯಿಂದ ಮಾಡಿ. ನಮ್ಮ ಕಡೆ ಮದುವೆ ಮನೆಗಳಲ್ಲಿ ಚೈನಾ ಗ್ರಾಸ್ ಪುಡಿಂಗನ್ನು ಮೇ ತಿಂಗಳಲ್ಲೂ ಹೊರಗೇ ಜೋಡಿಸಿಡುತ್ತಾರೆ.

ಸೂಕ್ಷ್ಮಜೀವಿ ಪಾಠ (ಧಾರವಾಡ)

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಈ ಪದಾರ್ಥ ನನಗೆ ಅಡುಗೆಮನೆಗಿಂತ ಪ್ರಯೋಗಾಲಯದಲ್ಲೇ ಹೆಚ್ಚು ಪರಿಚಯ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚೈನಾ ಗ್ರಾಸ್, ಅಂದರೆ ಅಗರ್, ಕೆಂಪು ಜಾತಿಯ ಕಡಲಕಳೆಯಿಂದ ತೆಗೆದದ್ದು. ತಮಿಳುನಾಡಿನ ಮಂಡಪಂ, ರಾಮೇಶ್ವರದ ಸುತ್ತ ಮನ್ನಾರ್ ಕೊಲ್ಲಿಯಲ್ಲಿ ಹೆಂಗಸರು ನೀರಿಗಿಳಿದು ಈ ಕಳೆಯನ್ನು ಕಿತ್ತು ತರುತ್ತಾರೆ. ಜೆಲಾಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯ ಪ್ರೋಟೀನು. ಅದು ಸುಮಾರು 35 ಡಿಗ್ರಿಯೊಳಗೇ ನೀರಾಗುತ್ತದೆ. ಕಲಬುರಗಿಯ ಮಧ್ಯಾಹ್ನ ಬಟ್ಟಲಲ್ಲಿ ನಿಲ್ಲುವುದೇ ಇಲ್ಲ. ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕು, ಆದರೆ ಕರಗಿದ್ದು ಮತ್ತೆ ಗಟ್ಟಿಯಾಗುವುದು 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ. ಕರಗುವ ಬಿಸಿಗೂ ಹೆಪ್ಪುಗಟ್ಟುವ ಬಿಸಿಗೂ ನಡುವೆ ಇಷ್ಟು ಅಂತರ ಇರುವುದೇ ನಿಮ್ಮ ಅನುಕೂಲ.

ಒಂದು ಎಚ್ಚರಿಕೆ. ಒಮ್ಮೆ ಹೆಪ್ಪುಗಟ್ಟಿದ ಮೇಲೆ ಕರೆಂಟ್ ಹೋದರೂ ಜೆಲ್ಲಿ ಅಲುಗದು. ಆದರೆ ಕೋಣೆಯೇ 40 ಡಿಗ್ರಿ ಇದ್ದರೆ ಹೆಪ್ಪುಗಟ್ಟಲು ಬಹಳ ಹೊತ್ತು ಹಿಡಿಯುತ್ತದೆ, ಹಿಡಿಯದೆಯೂ ಇರಬಹುದು. ಹಾಗಾಗಿ ರಾತ್ರಿ ಅಥವಾ ನಸುಕಿನಲ್ಲಿ ಮಾಡಿ. ಇಲ್ಲವೇ ಅಗಲವಾದ ತಾಟಿನಲ್ಲಿ ನೀರು ಹಾಕಿ, ಅದರಲ್ಲಿ ಬೋಗುಣಿ ಇಟ್ಟು, ಸುತ್ತ ಒದ್ದೆ ಬಟ್ಟೆ ಹೊದಿಸಿ ಗಾಳಿ ಆಡುವ ಕಡೆ ಇಡಿ. ನಿಮ್ಮ ಕಡೆಯ ಒಣ ಗಾಳಿಗೆ ಇದು ಚೆನ್ನಾಗಿ ತಣಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ನಡೆಯದು.

ಇನ್ನೊಂದು ಸಂಗತಿ ಹೇಳದಿರಲಾರೆ. 1881ರ ಸುಮಾರಿಗೆ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಬೇಸಿಗೆಯ ಸೆಕೆಗೆ ಅದು ಕರಗಿಹೋಗುತ್ತಿತ್ತು. ಅವರ ಪತ್ನಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಮಾಡುವ ಹಣ್ಣಿನ ಜೆಲ್ಲಿ ಮಾತ್ರ ಅದೇ ಸೆಕೆಯಲ್ಲೂ ಗಟ್ಟಿಯಾಗಿರುತ್ತಿತ್ತು. ಆಕೆ ಬಳಸುತ್ತಿದ್ದದ್ದು ಅಗರ್. ಜಾವಾದಲ್ಲಿ ಇದ್ದು ಬಂದಿದ್ದ ಪರಿಚಯದವರಿಂದ ನ್ಯೂಯಾರ್ಕಿನಲ್ಲಿ ಕಲಿತಿದ್ದರು. ಪ್ರಯೋಗಾಲಯದಲ್ಲೂ ಇದನ್ನೇ ಬಳಸಿ ನೋಡಿ ಎಂದು ಆಕೆ ಸೂಚಿಸಿದರು. 1882ರಲ್ಲಿ ಕ್ಷಯರೋಗದ ಕುರಿತು ಬರೆದ ಪ್ರಬಂಧದಲ್ಲಿ ಕಾಖ್ ಅಗರ್ ಬಳಸಿದ್ದನ್ನು ಹೇಳಿದರು, ಫ್ಯಾನಿ ಅವರ ಹೆಸರನ್ನು ಹೇಳಲಿಲ್ಲ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳೆಲ್ಲ ಅಗರ್ ಮೇಲೆಯೇ ನಡೆಯುತ್ತಿವೆ. ಪ್ರತಿ ವರ್ಷ ಈ ಪಾಠ ಮಾಡುವಾಗ ಆ ಹೆಸರನ್ನು ನಾನು ತಪ್ಪದೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.

ನೀಲಗಿರಿ ಎಲೆ (ಕುನ್ನೂರು)

ಚಹಾ ಕದಡುವ ವಿಷಯದಲ್ಲಿ ನಿಮ್ಮ ವೈನಿ ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರವಿದೆ.

ಗಾಢವಾದ ಚಹಾ ತಣ್ಣಗಾದಾಗ ಅದರಲ್ಲಿನ ಕೆಫೀನ್ ಮತ್ತು ಚಹಾಕ್ಕೆ ಬಣ್ಣ, ಒಗರು ಕೊಡುವ ಅಂಶಗಳು ಒಂದಕ್ಕೊಂದು ಅಂಟಿಕೊಂಡು ಮಂಜಿನಂತೆ ಕಾಣುತ್ತವೆ. ಚಹಾ ಕೆಟ್ಟಿದೆ ಎಂದಲ್ಲ. ಬಿಸಿ ನೀರು ಸೇರಿಸಿದರೆ ಮತ್ತೆ ತಿಳಿಯಾಗುತ್ತದೆ. ಎಷ್ಟು ಗಾಢವೋ ಅಷ್ಟು ಕದಡು. ಹಾಲು ಹಾಕಿ ಕುದಿಸಲೆಂದೇ ಮಾಡಿದ ಸಿಟಿಸಿ ಹರಳು ಪುಡಿಯಲ್ಲಿ ಇದು ಹೆಚ್ಚು. ಎಲೆಯಾಗಿಯೇ ಉಳಿಸಿ ಹದಮಾಡಿದ ಆರ್ಥೊಡಾಕ್ಸ್ ಚಹಾ ತೆಗೆದುಕೊಳ್ಳಿ. ನೀಲಗಿರಿಯ ಎಲೆಯನ್ನು ತಣ್ಣನೆಯ ಚಹಾಕ್ಕೆ ಹೊರಗಿನವರು ಹುಡುಕಿಕೊಂಡು ಬರುವುದೇ ಅದು ತಣಿದ ಮೇಲೂ ತಿಳಿಯಾಗಿ ಉಳಿಯುತ್ತದೆ ಎಂಬ ಕಾರಣಕ್ಕೆ. ಕರ್ನಾಟಕದ್ದೇ ಬೇಕೆಂದರೆ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲೂ ಚಹಾ ಬೆಳೆಯುತ್ತಾರೆ, ಕೊಡಗಿನಲ್ಲೂ ತೋಟವಿದೆ.

ಅರ್ಧ ಲೀಟರ್ ನೀರು ಕುದಿ ಬಂದ ಕೂಡಲೇ ಒಲೆ ಆರಿಸಿ, 10 ಗ್ರಾಂ ಎಲೆ ಹಾಕಿ ಮುಚ್ಚಿಡಿ. ಮೂರರಿಂದ ನಾಲ್ಕು ನಿಮಿಷ ಸಾಕು. ಎಲೆಯೊಂದಿಗೆ ಕುದಿಸಬೇಡಿ, ಸೋಸುವಾಗ ಚಮಚದಿಂದ ಒತ್ತಿ ಹಿಂಡಬೇಡಿ. ಹಿಂಡಿದಾಗ ಇಳಿಯುವುದು ಒಗರು ಮಾತ್ರ. ನೀರಿನ ಕಡೆಗೂ ಗಮನವಿರಲಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಎಂಥ ಒಳ್ಳೆಯ ಚಹಾವೂ ಮಂಕಾಗುತ್ತದೆ, ಮೇಲೆ ಕೆನೆಯಂತಹ ಪೊರೆ ಕಟ್ಟುತ್ತದೆ. ಫಿಲ್ಟರ್ ನೀರನ್ನೇ ಬಳಸಿ.

ಜೆಲಾಟಿನ್ ಬೇಡವೆಂದದ್ದು ಚಹಾದ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು. ಚಹಾದ ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಆಗ ಕದಡು ಇನ್ನೂ ಹೆಚ್ಚುತ್ತದೆ. ಅಗರ್‌ನಲ್ಲಿ ಪ್ರೋಟೀನೇ ಇಲ್ಲ.

ಬಿಸಿಲೂರು

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಧನ್ಯವಾದ. ನಮ್ಮ ಮನೆಯ ನೀರು ಗಡಸು, ಪಾತ್ರೆಗೆ ಬಿಳಿ ಕಲೆ ಕೂರುತ್ತದೆ. ಕುಡಿಯುವ ನೀರನ್ನೇ ಬಳಸುತ್ತೇನೆ. ಅಗರ್ ಅನ್ನು ನೇರವಾಗಿ ಚಹಾದಲ್ಲೇ ಕುದಿಸಿದರೆ ಆಗುವುದಿಲ್ಲವೇ? ಅಳತೆ ಇನ್ನೂ ಯಾರೂ ಹೇಳಲಿಲ್ಲ.

ಕಾನ್ಸಾಯ್ ಕನ್ನಡಿಗ (ಒಸಾಕಾ)

ಅಗರ್ ಅನ್ನು ಚಹಾದಲ್ಲಿ ಕುದಿಸಬೇಡಿ ಅಕ್ಕಾ. ಅಗರ್ ಪೂರ್ತಿ ಕರಗಲು ಐದಾರು ನಿಮಿಷವಾದರೂ ಕುದಿಯಬೇಕು, ಅಷ್ಟು ಹೊತ್ತಿಗೆ ಚಹಾದ ಪರಿಮಳವೆಲ್ಲ ಆವಿಯಾಗಿರುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ಕೊನೆಗೆ ಸೇರಿಸಿ.

ಅಳತೆ ಒಟ್ಟು ಒಂದು ಲೀಟರಿಗೆ: ಅರ್ಧ ಲೀಟರ್ ಚಹಾ, ಅರ್ಧ ಲೀಟರ್ ನೀರು. ಚಮಚದಲ್ಲಿ ತೆಗೆದು ತಿನ್ನುವ ಮೆದು ಜೆಲ್ಲಿಗೆ 6 ಗ್ರಾಂ ಅಗರ್ ಪುಡಿ, ಕತ್ತರಿಸಿ ತುಂಡು ಮಾಡುವುದಾದರೆ 8 ಗ್ರಾಂ. ಎಳೆಯ ರೂಪದ್ದು ಸಿಕ್ಕರೆ 10ರಿಂದ 12 ಗ್ರಾಂ ಬೇಕಾಗುತ್ತದೆ. ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಕಂಪನಿಯಿಂದ ಕಂಪನಿಗೆ ಕಸುವು ಬೇರೆ, ಆದ್ದರಿಂದ ಬಿಸಿ ದ್ರಾವಣದ ಒಂದು ಚಮಚವನ್ನು ತಣ್ಣನೆಯ ತಟ್ಟೆಗೆ ಸುರಿದು ನೋಡಿ. ಎರಡು ನಿಮಿಷದಲ್ಲಿ ಹದ ಗೊತ್ತಾಗುತ್ತದೆ. ಮೆದುವಾಯಿತೆನಿಸಿದರೆ ಇನ್ನಷ್ಟು ಅಗರ್ ಕುದಿಸಿ ಸೇರಿಸಬಹುದು, ಗಟ್ಟಿಯಾದರೆ ಬಿಸಿ ನೀರು.

ಅಗರ್ ಪುಡಿಯನ್ನು ತಣ್ಣೀರಿಗೆ ಹಾಕಿ ಕಲಸಿ, ಆಮೇಲೆ ಒಲೆಯ ಮೇಲಿಡಿ. ಕೈಯಾಡಿಸುತ್ತಾ ಕುದಿಸಿ. ಚಮಚ ಎತ್ತಿದಾಗ ಬೆನ್ನಿನ ಮೇಲೆ ಒಂದು ಕಣವೂ ಕಾಣಬಾರದು. ಅಲ್ಲಿಯವರೆಗೆ ಸಕ್ಕರೆ ಹಾಕಬೇಡಿ. ಸಕ್ಕರೆ ಮೊದಲೇ ನೀರನ್ನು ಹಿಡಿದುಕೊಂಡರೆ ಅಗರ್ ಕರಗಲು ತಡವಾಗುತ್ತದೆ. ಕರಗಿದ ಮೇಲೆ 100 ಗ್ರಾಂ ಸಕ್ಕರೆ, ಆಮೇಲೆ ಒಲೆಯಿಂದ ಇಳಿಸಿ ಚಹಾ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸೇರಿಸುವ ಚಹಾ ಬಿಸಿಯಾಗಿಯೇ ಇರಬೇಕು. ತಣ್ಣನೆಯ ಚಹಾ ಸುರಿದರೆ ಅಗರ್ ಅಲ್ಲಲ್ಲೇ ಹೆಪ್ಪುಗಟ್ಟಿ ಗಂಟು ಗಂಟಾಗುತ್ತದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಹಣ್ಣಿಗೂ ಇದೇ ಮಾತು. ಹಣ್ಣಿನ ಸುತ್ತ ಜೆಲ್ಲಿ ಬೇಗ ಗಟ್ಟಿಯಾಗಿ, ತಿನ್ನುವಾಗ ಹಣ್ಣು ಬೇರೆ ಜೆಲ್ಲಿ ಬೇರೆ ಆಗಿ ಜಾರುತ್ತದೆ. ಹಣ್ಣನ್ನು ಮೊದಲೇ ಹೊರಗೆ ತೆಗೆದಿಡಿ.

ಸೂಕ್ಷ್ಮಜೀವಿ ಪಾಠ

ಒಂದು ಸೇರ್ಪಡೆ. ನಿಂಬೆರಸವನ್ನು ಎಂದಿಗೂ ಅಗರ್ ಜೊತೆ ಕುದಿಸಬೇಡಿ. ಹುಳಿ ಮತ್ತು ಬಿಸಿ ಸೇರಿದರೆ ಅಗರ್‌ನ ಉದ್ದನೆಯ ಸರಪಳಿ ತುಂಡಾಗಿ ಜೆಲ್ಲಿ ನಿಲ್ಲುವುದಿಲ್ಲ. ಒಲೆಯಿಂದ ಇಳಿಸಿ, ಚಹಾ ಸೇರಿಸಿ, ಹಬೆ ತಗ್ಗಿದ ಮೇಲೆ ಒಂದು ದೊಡ್ಡ ಚಮಚ ರಸ ಹಾಕಿ. ಕಪ್ಪು ಚಹಾ ಆ ಕ್ಷಣದಲ್ಲೇ ಜೇನು ಬಣ್ಣಕ್ಕೆ ತಿರುಗುತ್ತದೆ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿ. ಹದ ನೋಡಿ ಮತ್ತೆ ಕುದಿಸುವುದಿದ್ದರೆ ಅದೆಲ್ಲ ನಿಂಬೆ ಹಾಕುವ ಮೊದಲೇ ಮುಗಿಯಲಿ.

ಕೂವೆಹಿಟ್ಟು (ಕುಂದಾಪುರ)

ಮಗಳೇ, ಇಷ್ಟೆಲ್ಲ ಓದಿದೆ. ಸಮುದ್ರದ ಪಕ್ಕದಲ್ಲೇ ಇದ್ದರೂ ನಮ್ಮ ಅಡುಗೆಮನೆಗೆ ಕಡಲಕಳೆ ಬಂದದ್ದಿಲ್ಲ. ಬೇಸಿಗೆಗೆ ನಾವು ಮಾಡುವುದು ಕೂವೆಹಿಟ್ಟಿನ ಮಣ್ಣಿ. ಒಂದು ಲೋಟ ಕೂವೆಹಿಟ್ಟಿಗೆ ನಾಲ್ಕು ಲೋಟ ತೆಳ್ಳನೆಯ ತೆಂಗಿನ ಹಾಲು ಅಥವಾ ನೀರು, ಬೆಲ್ಲ, ಒಂದು ಚಿಟಿಕೆ ಉಪ್ಪು, ಏಲಕ್ಕಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚುತ್ತಾ ಇದ್ದರೆ ಬೆಳ್ಳಗಿದ್ದದ್ದು ಕನ್ನಡಿಯಂತೆ ಆಗುತ್ತದೆ. ಆಗ ಎಣ್ಣೆ ಸವರಿದ ಹರಿವಾಣಕ್ಕೆ ಸುರಿದು ತಣಿಸಿ ಕತ್ತರಿಸುವುದು. ಹೊಟ್ಟೆಗೆ ತಂಪು, ಬಾಣಂತಿಗೂ ಮಗುವಿಗೂ ಕೊಡಬಹುದು. ಇದನ್ನೇ ಚಹಾದ ನೀರಿನಲ್ಲಿ ಮಾಡಿದರೆ ಏಕೆ ಆಗಬಾರದು? ಅಂಗಡಿಯ ಪುಡಿಗಾಗಿ ಓಡಾಡುವುದು ಏಕೆ?

ಸೂಕ್ಷ್ಮಜೀವಿ ಪಾಠ

ಅಮ್ಮಾ, ಮಣ್ಣಿಗೆ ಸಾಟಿ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕೂವೆ ಪಿಷ್ಟ. ಮಾಡಿದ ದಿನ ಪಾರದರ್ಶಕವಾಗಿ ನುಣುಪಾಗಿರುತ್ತದೆ, ಫ್ರಿಜ್‌ನಲ್ಲಿ ರಾತ್ರಿ ಕಳೆದರೆ ಬೆಳ್ಳಗಾಗಿ ಬಿರುಸಾಗುತ್ತದೆ. ತಣ್ಣಗೆ ಮಾಡಿಯೇ ತಿನ್ನಬೇಕಾದ ತಿಂಡಿಗೆ ಅದು ಹೊಂದುವುದಿಲ್ಲ. ಬೆಳಗ್ಗೆ ಮಾಡಿ ಮಧ್ಯಾಹ್ನ ತಿನ್ನುವುದಾದರೆ ನಿಮ್ಮ ಮಾತೇ ಸರಿ.

ಕೂವೆಹಿಟ್ಟು

ಅದು ನಿಜ. ಮಣ್ಣಿಯನ್ನು ಫ್ರಿಜ್‌ಗೆ ಇಡುವುದನ್ನು ನಾನೂ ಒಪ್ಪುವುದಿಲ್ಲ. ಆದರೂ ಮನೆಯಲ್ಲಿ ಕೂವೆ ಇದ್ದವರು ಒಮ್ಮೆ ಚಹಾದ ನೀರಿನಲ್ಲಿ ಮಾಡಿ ನೋಡಲಿ, ಬೆಲ್ಲದ ಜೊತೆ ಚಹಾದ ಒಗರು ಚೆನ್ನಾಗಿ ಕೂಡುತ್ತದೆ.

ಎರಡು ಮಕ್ಕಳ ತಾಯಿ (ಬೆಂಗಳೂರು)

ಎಲ್ಲರೂ ಚಹಾದ ಬಣ್ಣದ ಬಗ್ಗೆ ಮಾತನಾಡುತ್ತಿದ್ದೀರಿ. ತಿನ್ನುವವರಲ್ಲಿ ಅರ್ಧ ಜನ ಮಕ್ಕಳು ಎಂಬುದನ್ನು ಯಾರೂ ಹೇಳಲಿಲ್ಲ. ಚಹಾ ಜೆಲ್ಲಿಯಾದರೂ ಚಹಾವೇ. ಸಂಜೆ ಒಂದು ಬಟ್ಟಲು ಕೊಟ್ಟರೆ ಆರು ವರ್ಷದ ಮಗು ರಾತ್ರಿ ಮಲಗುತ್ತದೆಯೇ? ಚಿಕ್ಕವರಿಗೆ ಇದನ್ನು ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀಲಗಿರಿ ಎಲೆ

ನ್ಯಾಯವಾದ ಮಾತು. ನಾನು ಚಹಾದ ಕಸುಬಿನವನಾದರೂ ಚಿಕ್ಕ ಮಕ್ಕಳಿಗೆ ಚಹಾ ಕೊಡಿ ಎನ್ನುವುದಿಲ್ಲ. ಅದೇ ಅಳತೆಯಲ್ಲಿ ಎಲೆಯ ಬದಲು ಮಜ್ಜಿಗೆಹುಲ್ಲು, ಒಂದು ಚೂರು ಶುಂಠಿ ಹಾಕಿ ಕಷಾಯ ಮಾಡಿ. ಕೆಂಪು ದಾಸವಾಳದ ಎಸಳು ಸಿಕ್ಕರೆ ಬಿಸಿ ನೀರಿನಲ್ಲಿ ಅದ್ದಿ. ನಿಂಬೆ ಹಿಂಡಿದ ಕೂಡಲೇ ಕಡುಗೆಂಪಾಗುತ್ತದೆ. ಇವುಗಳಲ್ಲಿ ಕೆಫೀನ್ ಇಲ್ಲ. ದೊಡ್ಡವರಿಗೆ ಒಂದು ತಟ್ಟೆ, ಮಕ್ಕಳಿಗೆ ಬೇರೆ ತಟ್ಟೆ.

ಕೂವೆಹಿಟ್ಟು

ಪುನರ್ಪುಳಿಯನ್ನು ಮರೆಯಬೇಡಿ. ಒಣಸಿಪ್ಪೆ ನೆನೆಸಿದ ನೀರಿನ ಬಣ್ಣ ಬೇರೆ ಯಾವುದಕ್ಕೂ ಬಾರದು. ಹುಳಿ ಇದೆ, ಆದ್ದರಿಂದ ಮೇಷ್ಟರಮ್ಮ ನಿಂಬೆಗೆ ಹೇಳಿದ ನಿಯಮವೇ ಇದಕ್ಕೂ: ಒಲೆಯಿಂದ ಇಳಿಸಿದ ಮೇಲೆ ಹಾಕಿ.

ಹಣ್ಣಿನ ಬುಟ್ಟಿ

ಹಣ್ಣಿನ ಸರದಿ ಬಂತು. ಅಪ್ಪನ ಕಾಲದಿಂದ ನಮ್ಮದು ಹಣ್ಣಿನ ವ್ಯಾಪಾರ, ಧೈರ್ಯವಾಗಿ ಹೇಳುತ್ತೇನೆ.

ಮಾವಿನಲ್ಲಿ ರಸಪುರಿ ಬೇಡ. ಅದರ ರುಚಿಗೆ ನಾನು ಸೋತವನು, ಆದರೆ ಅದು ಹಿಂಡಿ ಸೀಕರಣೆ ಮಾಡುವ ಹಣ್ಣು. ತುಂಡು ಮಾಡಿದರೆ ನೀರೊಡೆದು ಜೆಲ್ಲಿಯನ್ನು ಸಡಿಲ ಮಾಡುತ್ತದೆ. ಬಾದಾಮಿ ಅಥವಾ ಮಲ್ಲಿಕಾ ತೆಗೆದುಕೊಳ್ಳಿ. ಪೂರ್ತಿ ಕಳಿಯುವುದಕ್ಕೆ ಒಂದು ದಿನ ಮೊದಲು ಕತ್ತರಿಸಿದರೆ ಅಂಚು ನೇರವಾಗಿ ನಿಲ್ಲುತ್ತದೆ. ದ್ರಾಕ್ಷಿ ವಿಜಯಪುರದ ಬೀಜವಿಲ್ಲದ್ದೇ ನಿಮಗೆ ಹತ್ತಿರ. ಉದ್ದಕ್ಕೆ ಸೀಳಿ ಹಾಕಿ, ಇಡೀ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಿಗೆ ಅಪಾಯ. ದಾಳಿಂಬೆ ಕಾಳು ಚಹಾದ ಬಣ್ಣದೊಳಗೆ ಬಹಳ ಚಂದ ಕಾಣುತ್ತದೆ. ತಾಟಿನುಂಗು ಸಿಕ್ಕರೆ ಬಿಡಬೇಡಿ. ಸಿಪ್ಪೆ ಸುಲಿದು ತೆಳ್ಳಗೆ ಹೆಚ್ಚಿ ಹಾಕಿದರೆ ಬಾಯಿಗೆ ಸಿಕ್ಕಾಗಲೇ ಗೊತ್ತಾಗುವುದು.

ಕಲ್ಲಂಗಡಿ ಮತ್ತು ಕರ್ಬೂಜ ನೀರು ಬಿಡುವ ಹಣ್ಣುಗಳು. ಹಾಕಲೇಬೇಕೆಂದರೆ ದೊಡ್ಡ ತುಂಡು ಮಾಡಿ, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ ಹಾಕಿ. ಬಾಳೆಹಣ್ಣು ಬೇಡ, ಕಪ್ಪಾಗುತ್ತದೆ. ಅನಾನಸ್, ಪಪ್ಪಾಯಿ ಹಾಕಿದರೆ ಜೆಲ್ಲಿ ಹಿಡಿಯುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಾರೆ. ಇದರ ಬಗ್ಗೆ ಧಾರವಾಡದ ಮೇಡಂ ಹೇಳಬೇಕು.

ಸೂಕ್ಷ್ಮಜೀವಿ ಪಾಠ

ಆ ಮಾತು ಜೆಲಾಟಿನ್‌ಗೆ ಸಂಬಂಧಿಸಿದ್ದು. ಹಸಿ ಅನಾನಸ್, ಪಪ್ಪಾಯಿ, ಕಿವಿಹಣ್ಣು, ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಅಗರ್ ಪ್ರೋಟೀನಲ್ಲ, ಸಕ್ಕರೆಯ ಕುಲಕ್ಕೆ ಸೇರಿದ್ದು, ಅದರ ಮೇಲೆ ಆ ಕಿಣ್ವಗಳ ಆಟ ನಡೆಯದು. ಧಾರಾಳವಾಗಿ ಹಾಕಿ.

ಬಿಸಿಲೂರು

ನಿನ್ನೆ ರಾತ್ರಿ ಅರ್ಧ ಅಳತೆಯಲ್ಲಿ ಮಾಡಿದೆ. ನೀಲಗಿರಿಯ ಎಲೆಯನ್ನೇ ತರಿಸಿದ್ದೆ. ತಟ್ಟೆಯ ಕೆಳಗೆ ಇಟ್ಟ ಪತ್ರಿಕೆಯ ಅಕ್ಷರ ಓದುವಷ್ಟು ತಿಳಿಯಾಗಿ ಬಂತು! ನಿಂಬೆ ಹಿಂಡಿದಾಗ ಬಣ್ಣ ತಿರುಗಿದ್ದನ್ನು ನೋಡಿ ಮಗ ಇನ್ನೊಮ್ಮೆ ಮಾಡು ಎಂದು ಹಟ ಹಿಡಿದ. ಅತ್ತೆಯವರು ಎರಡು ಸಲ ಹಾಕಿಸಿಕೊಂಡರು, ಸಿಹಿ ಇಷ್ಟೇ ಇರಲಿ ಎಂದರು. ಇಂದು ಮಧ್ಯಾಹ್ನ ತಟ್ಟೆಯ ಅಂಚಿನಲ್ಲಿ ಸ್ವಲ್ಪ ನೀರು ನಿಂತಿತ್ತು. ಇದು ಏಕೆ? ದ್ರಾಕ್ಷಿ ಎಲ್ಲ ತಳಕ್ಕೆ ಇಳಿದಿದೆ, ಇದಕ್ಕೇನು ಮಾಡಲಿ?

ಕಾನ್ಸಾಯ್ ಕನ್ನಡಿಗ

ನೀರು ಬಿಡುವುದು ಅಗರ್‌ನ ಗುಣ, ಹೊತ್ತು ಕಳೆದಂತೆ ಒಳಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಹಾಕುತ್ತದೆ. ಸಕ್ಕರೆ ತೀರಾ ಕಡಿಮೆಯಾದರೆ ಹೆಚ್ಚು. ಬಟ್ಟಲನ್ನು ಓರೆ ಮಾಡಿ ಚೆಲ್ಲಿಬಿಡಿ, ರುಚಿಗೆ ಕೊರತೆಯಿಲ್ಲ. ಹಣ್ಣು ಮುಳುಗದಿರಲು ಎರಡು ಸಲ ಸುರಿಯಬೇಕು. ಮೊದಲು ಅರ್ಧ ಸುರಿದು, ಮೇಲ್ಮೈ ಬೆರಳಿಗೆ ಇನ್ನೂ ಅಂಟುವಂತಿರುವಾಗಲೇ ಹಣ್ಣು ಜೋಡಿಸಿ, ಉಳಿದರ್ಧವನ್ನು ಬಿಸಿಯಾಗಿಯೇ ಮೆಲ್ಲಗೆ ಸುರಿಯಿರಿ. ಕೆಳಗಿನದು ಪೂರ್ತಿ ಗಟ್ಟಿಯಾಗಲು ಬಿಟ್ಟರೆ ಎರಡು ಪದರ ಕೂಡಿಕೊಳ್ಳುವುದಿಲ್ಲ. ಅಷ್ಟು ಹೊತ್ತು ಉಳಿದರ್ಧದ ಪಾತ್ರೆಯನ್ನು ಬಿಸಿ ನೀರಿನಲ್ಲಿ ಕೂರಿಸಿಡಿ.

ಹೊಸಬಳು (ಶಿವಮೊಗ್ಗ)

ನಮ್ಮ ಮಹಿಳಾ ಸಂಘದ ಕಾರ್ಯಕ್ರಮಕ್ಕೆ ಅರವತ್ತು ಜನರಿಗೆ ಮಾಡಬೇಕು. ಬಟ್ಟಲು ಬಟ್ಟಲಿಗೆ ಎರಡು ಸಲ ಸುರಿಯುತ್ತಾ ಕೂರಲು ಆಗದು. ಹಿಂದಿನ ದಿನವೇ ಮಾಡಿಟ್ಟುಕೊಳ್ಳುವ ದಾರಿ ಇದೆಯೇ? ಹೆಚ್ಚಿದ ಹಣ್ಣು ಬಿಸಿಲಿಗೆ ಕೆಡುತ್ತದೆ ಎಂಬ ಭಯವೂ ಇದೆ.

ಸೂಕ್ಷ್ಮಜೀವಿ ಪಾಠ

ಭಯ ಸರಿಯಾದದ್ದೇ. ಜೆಲ್ಲಿ ಕರಗಲಿಲ್ಲ ಎಂದರೆ ಕೆಡಲಿಲ್ಲ ಎಂದು ಅರ್ಥವಲ್ಲ. ಹೆಚ್ಚಿದ ಹಣ್ಣು ಸೇರಿದ್ದನ್ನು ಆ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಕಾನ್ಸಾಯ್ ಕನ್ನಡಿಗ

ಅರವತ್ತು ಜನರಿಗೆ ಜಪಾನಿನ ಮಿತ್ಸುಮಾಮೆ ಕ್ರಮ ಹಿಡಿಯಿರಿ. ಇಲ್ಲಿ ಅಗರ್‌ಗೆ ಕಾಂತೆನ್ ಎನ್ನುತ್ತಾರೆ. ನಾಗಾನೊ ಪ್ರಾಂತದ ಚಿನೊ ಸುತ್ತಮುತ್ತ ಚಳಿಗಾಲದಲ್ಲಿ ಅದನ್ನು ಬಯಲಲ್ಲಿ ಹರಡಿ, ರಾತ್ರಿ ಹೆಪ್ಪುಗಟ್ಟಿಸಿ ಹಗಲು ಕರಗಿಸುತ್ತಾ ಒಣಗಿಸುತ್ತಾರೆ. ಮಿತ್ಸುಮಾಮೆಯಲ್ಲಿ ಹಣ್ಣನ್ನು ಜೆಲ್ಲಿಯ ಒಳಗೆ ಹಾಕುವುದೇ ಇಲ್ಲ. ಕಾಂತೆನ್ ತುಂಡು, ಬೇಯಿಸಿದ ಕಾಳು, ಹಣ್ಣು ಎಲ್ಲವನ್ನೂ ಬಟ್ಟಲಿಗೆ ಹಾಕಿ ಮೇಲೆ ಸಿಹಿ ಪಾಕ ಸುರಿಯುತ್ತಾರೆ.

ನೀವೂ ಹಾಗೆಯೇ ಮಾಡಿ. ಲೀಟರಿಗೆ 8 ಗ್ರಾಂ ಲೆಕ್ಕದಲ್ಲಿ ಬರೀ ಚಹಾ ಜೆಲ್ಲಿಯನ್ನು ಹಿಂದಿನ ರಾತ್ರಿ ದೊಡ್ಡ ತಟ್ಟೆಗಳಲ್ಲಿ ಹಾಕಿ ಫ್ರಿಜ್‌ನಲ್ಲಿ ಮುಚ್ಚಿಡಿ. ಅರವತ್ತು ಜನರಿಗೆ ಆರು ಲೀಟರ್ ಸಾಕು. ಬೆಳಗ್ಗೆ ಚೌಕ ತುಂಡು ಮಾಡಿ. ಹಣ್ಣನ್ನು ಬಡಿಸುವ ಮೊದಲಷ್ಟೇ ಹೆಚ್ಚಿ. ನೆನೆದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ಇನ್ನೂ ಚಂದ.

ಹೊಸಬಳು

ಪಾಕಕ್ಕೆ ನಮ್ಮ ಮಲೆನಾಡಿನ ಜೋನಿ ಬೆಲ್ಲ ಆಗುತ್ತದೆಯೇ? ಮನೆಯಲ್ಲಿ ಡಬ್ಬಿ ತುಂಬ ಇದೆ.

ಕಾನ್ಸಾಯ್ ಕನ್ನಡಿಗ

ಅದಕ್ಕಿಂತ ಒಳ್ಳೆಯದು ಯಾವುದು! ಇಲ್ಲಿಯೂ ಹಾಕುವುದು ಕಪ್ಪು ಸಕ್ಕರೆಯ ಪಾಕವನ್ನೇ. ಎರಡು ಪಾಲು ಜೋನಿ ಬೆಲ್ಲಕ್ಕೆ ಒಂದು ಪಾಲು ನೀರು, ಜಜ್ಜಿದ ಶುಂಠಿ ಹಾಕಿ ಒಂದು ಕುದಿ ಬರಿಸಿ, ತೆಳು ಬಟ್ಟೆಯಲ್ಲಿ ಸೋಸಿ ತಣಿಸಿ. ಬೆಲ್ಲದ ಪಾಕ ಹಾಕುವುದಾದರೆ ಜೆಲ್ಲಿಯ ಸಕ್ಕರೆಯನ್ನು ಲೀಟರಿಗೆ 50 ಗ್ರಾಂಗೆ ಇಳಿಸಿ, ನಿಂಬೆಯನ್ನು ಪಾಕಕ್ಕೇ ಹಿಂಡಿ. ಪಾಕವನ್ನು ಬೇರೆ ಜಗ್ಗಿನಲ್ಲಿಟ್ಟರೆ ಸಿಹಿ ಎಷ್ಟು ಬೇಕೆಂದು ತಿನ್ನುವವರೇ ನೋಡಿಕೊಳ್ಳುತ್ತಾರೆ.